ಮೂಗಿನಕ್ಕ ಹೊಗಳಿದ ಕಸ್ಟರ್ಡ್

ಬಿಸ್ಕತ್ತಿನ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಮೂಗಿನಕ್ಕ. ಹೆಸರಿಟ್ಟವನು ಒಲೆ ಮೇಸ್ತ್ರಿ. ಅವನ ಬಾಯಿಗೆ ಬೀಗವಿಲ್ಲ, ಆದರೆ ಇಟ್ಟ ಹೆಸರೆಲ್ಲ ಅಂಟಿಕೊಂಡು ಬಿಡುತ್ತದೆ.

ಚಿಕ್ಕ ವಯಸ್ಸಿನಲ್ಲೇ ಅವಳು ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದವಳು. ಒಂದು ದಿನ ಹಿಟ್ಟು ಕಲಸುವ ಕೋಣೆಯ ಮುಂದೆ ಹಾದುಹೋಗುವಾಗ ನಿಂತು, ಒಳಗಿರುವ ಬೆಣ್ಣೆ ಕಮಟಾಗಿದೆ ಎಂದಳು. ಡಬ್ಬಿಯ ಮುಚ್ಚಳವನ್ನೇ ಇನ್ನೂ ತೆಗೆದಿರಲಿಲ್ಲ! ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಆಗಿನ ಹಿರಿಯ ಮೇಸ್ತ್ರಿ ಅವಳನ್ನು ಕರೆದುಕೊಂಡು ಹೋಗಿ ರುಚಿ ಕೋಣೆಯ ಕುರ್ಚಿಯ ಮೇಲೆ ಕೂರಿಸಿದ. ಅಂದು ಕೂತವಳು ಮತ್ತೆ ಏಳಲಿಲ್ಲ.

ರುಚಿ ಕೋಣೆಯ ಪದ್ಧತಿಯೇ ಬೇರೆ. ಬಿಳಿ ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು. ಒಲೆಯಿಂದ ಬಂದ ಬಿಸ್ಕತ್ತನ್ನು ಬೆಚ್ಚನೆಯ ನೀರಿನಲ್ಲಿ ಕದಡಿ, ಮೂಸಿ, ಚಮಚದಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಬೇಕು. ಅಷ್ಟು ಹೊತ್ತೂ ತುಟಿ ಬಿಚ್ಚುವಂತಿಲ್ಲ, ಒಬ್ಬರ ಮಾತಿಗೆ ಇನ್ನೊಬ್ಬರ ನಾಲಗೆ ವಾಲಿಬಿಡುತ್ತದೆ ಎಂದು. ಆಮೇಲೆ ಹಿರಿಯರು ಮೊದಲು ಹೇಳಬೇಕು. ಎದುರಿನ ಕುರ್ಚಿ ಖಾಲಿಯಾದಾಗ ಅವಳು ತನ್ನ ಮೈದುನನನ್ನೇ ತಂದು ಕೂರಿಸಿದಳು. ಮೈದುನ ಅಂದರೆ ಹೆಸರಿಗಷ್ಟೇ ಮೈದುನ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಅತ್ತೆ ಇರಲಿಲ್ಲ, ಇವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಉಣಿಸಿ, ಬೈದು, ಶಾಲೆಗೆ ಎಳೆದುಕೊಂಡು ಹೋಗಿ ಬೆಳೆಸಿದವಳು ಅವಳೇ. ಮೂಸುವುದನ್ನು ಕಲಿಸಿದವಳೂ ಅವಳೇ.

ಹೀಗಿರುವಾಗ ಅವಳಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಸೋಪನ್ನು ಮೂಗಿಗೆ ಹಿಡಿದರೆ ಏನೂ ಇಲ್ಲ, ಮಲ್ಲಿಗೆ ಹಿಡಿದರೂ ಏನೂ ಇಲ್ಲ. ಉಪ್ಪು, ಸಿಹಿ, ಹುಳಿ, ಕಹಿ ಇಷ್ಟು ನಾಲಗೆಗೆ ತಿಳಿಯುತ್ತಿತ್ತು, ಉಳಿದ ಪ್ರಪಂಚವೆಲ್ಲ ಸಪ್ಪೆ. ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. ಅವರದೇನು ಹೋಗುತ್ತೆ, ಹೇಳುತ್ತಾರೆ. ಇತ್ತ ಗಂಡ ಸೊಂಟ ನೋವೆಂದು ಲಾರಿ ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತಿದ್ದ. ಮೂಗು ಹೋಯಿತೆಂದು ಗೊತ್ತಾದರೆ ಅವಳು ಮತ್ತೆ ಪೊಟ್ಟಣ ಕಟ್ಟುವ ಕಡೆಗೇ ಹೋಗಬೇಕು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು, ಅವಳ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೂಗಿನಕ್ಕನಿಗೆ ಮೂಗಿಲ್ಲ ಅಂದರೆ ಅವಳು ಮತ್ತಿನ್ಯಾರು?

ಗಂಡನಿಗೂ ಹೇಳಲಿಲ್ಲ. ಮೈದುನನಿಗೆ ಮಾತ್ರ ಹೇಳಿ ಅತ್ತಳು. ಅವನು ಅವಳ ಕೈಹಿಡಿದುಕೊಂಡು, ನಾನಿಲ್ಲವೇ ಅತ್ತಿಗೆ, ಯಾಕೆ ಕೊರಗುತ್ತೀರಿ ಅಂದ. ಉಪಾಯ ಹುಡುಕಿದವನೂ ಅವನೇ. ರುಚಿ ನೋಡಿದ ಮೇಲೆ ಚಮಚವನ್ನು ಅಂಗಾತ ಇಟ್ಟರೆ ಚೆನ್ನಾಗಿದೆ ಎಂದರ್ಥ, ಕವುಚಿ ಇಟ್ಟರೆ ಕೆಟ್ಟಿದೆ ಎಂದು. ಅವಳು ಓರೆಗಣ್ಣಿನಲ್ಲಿ ಆ ಚಮಚ ನೋಡಿ ತೀರ್ಪು ಕೊಡುವಳು. ಯಾರಿಗೂ ಸುಳಿವು ಹತ್ತಲಿಲ್ಲ. ತಪ್ಪೇ, ತಪ್ಪಲ್ಲ ಅಂತ ಯಾರು ಹೇಳಿದರು? ಆದರೆ ಕೆಟ್ಟ ಬಿಸ್ಕತ್ತು ಒಂದೂ ಆ ಕೋಣೆ ದಾಟಿ ಆಚೆ ಹೋಗಲಿಲ್ಲ, ಇದನ್ನೂ ಹೇಳಬೇಕು.

ಕಾರ್ಖಾನೆಯಲ್ಲಿ ಹೊಸ ಒಲೆ ಹಾಕಿದ ಖುಷಿಗೆ ಮ್ಯಾನೇಜರ್ ಎಲ್ಲರನ್ನೂ ದೊಡ್ಡ ಹೋಟೆಲಿನ ಬಫೆ ಊಟಕ್ಕೆ ಕರೆದರು. ಒಲೆ ಹೊಸದಾದ ಮೇಲೆ ರುಚಿ ಕೋಣೆಗೂ ಒಬ್ಬ ಮುಖ್ಯಸ್ಥರು ಬೇಕು, ಅದನ್ನು ಅಲ್ಲೇ ಹೇಳುತ್ತಾರಂತೆ ಎಂಬ ಸುದ್ದಿಯೂ ಹಬ್ಬಿತ್ತು. ನೀವಲ್ಲದೆ ಇನ್ಯಾರು ಅತ್ತಿಗೆ ಅನ್ನುತ್ತಿದ್ದ ಮೈದುನ. ಅವಳಿಗೆ ಮುಖ್ಯಸ್ಥೆಯಾಗುವ ಆಸೆಯೇನೂ ಇರಲಿಲ್ಲ. ಕೂತ ಕುರ್ಚಿ ಉಳಿದರೆ ಸಾಕಿತ್ತು.

ಹೋಟೆಲಿನ ಹಾಲ್ ತಣ್ಣಗಿತ್ತು. ಉದ್ದನೆಯ ಮೇಜಿನ ಮೇಲೆ ಸ್ಟೀಲಿನ ಮುಚ್ಚಳಗಳ ಸಾಲು, ಒಂದನ್ನು ಎತ್ತಿದರೆ ಆವಿ ಭುಗ್ ಎಂದು ಮುಖಕ್ಕೆ ಹೊಡೆಯುತ್ತಿತ್ತು. ಪೊಟ್ಟಣದವರು ನಾಳೆ ಊಟವೇ ಸಿಗದೇನೋ ಎಂಬಂತೆ ತಟ್ಟೆಯಲ್ಲಿ ಗೋಪುರ ಕಟ್ಟಿದರು. ಅನ್ನದ ಮೇಲೆ ಮೀನು, ಅದರ ಮೇಲೆ ಸೌತೆಕಾಯಿ, ಪಕ್ಕದಲ್ಲೇ ಕೇಕು. ಒಲೆ ಮೇಸ್ತ್ರಿ ಎರಡು ಕೈಯಲ್ಲೂ ಒಂದೊಂದು ತಟ್ಟೆ ಹಿಡಿದು ಬಂದು, ಇದೊಂದು ನನ್ನ ಹೆಂಡತಿಯ ಪಾಲು, ಅವಳು ಬಂದಿಲ್ಲ ಅಂತ ಅನ್ಯಾಯ ಆಗಬಾರದಲ್ಲ ಅಂದ. ಮೂಗಿನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೂಪು ಬಿಸಿ, ಅನ್ನ ಮೆತ್ತಗೆ, ಹುರಿದದ್ದು ಗರಿಗರಿ. ಅವಳ ಊಟ ಈಗ ಅಷ್ಟೇ. ಆದರೂ ಇಷ್ಟು ಜನರ ನಡುವೆ ಕೂತು ಉಣ್ಣುವುದು ಅವಳಿಗೆ ಹಿತವಾಗಿತ್ತು.

ಮ್ಯಾನೇಜರ್ ತಾವಾಗಿಯೇ ಬಂದು ಅವಳ ಮೇಜಿಗೆ ಕೂತರು. ಮೈದುನ ಎದ್ದು, ಸಿಹಿ ತರುತ್ತೇನೆ ಎಂದು ಹೋದ. ಬರುವಾಗ ಉಳಿದವರಿಗೆ ಐಸ್‌ಕ್ರೀಮು, ಅವಳಿಗೂ ತನಗೂ ಒಂದೊಂದು ಬಟ್ಟಲು ಬೆಚ್ಚನೆಯ ಕಸ್ಟರ್ಡ್. ಅತ್ತಿಗೆಗೆ ತಣ್ಣಗಿನದು ಹಲ್ಲಿಗೆ ಆಗಲ್ಲ ಅಂದ. ಅಷ್ಟು ಜನರ ಮಧ್ಯೆ ತನ್ನ ಹಲ್ಲಿನ ಚಿಂತೆ ಅವನಿಗಿದೆಯಲ್ಲ ಎಂದು ಅವಳಿಗೆ ಸಂತೋಷವೇ ಆಯಿತು. ಒಲೆ ಮೇಸ್ತ್ರಿ ಬಟ್ಟಲ ಕಡೆ ಬಗ್ಗಿ ಮುಖ ಕಿವುಚಿದ, ಏನೋ ಹೇಳಹೊರಟ. ಮ್ಯಾನೇಜರ್ ಮೆಲ್ಲಗೆ ಅವನ ಮಣಿಕಟ್ಟು ಹಿಡಿದರು. ಅವಳು ಅದನ್ನು ನೋಡಿದಳು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಇದು ಹೇಗಿದೆ ಅಂತ ನಮ್ಮ ಮೂಗಿನಕ್ಕ ಹೇಳಲಿ," ಅಂದರು ಮ್ಯಾನೇಜರ್.

ಅವಳು ಮೂಸಿದಳು, ಒಂದು ಚಮಚ ಬಾಯಿಗಿಟ್ಟಳು. ಸಿಹಿ ಇತ್ತು, ನುಣುಪಿತ್ತು, ಅದರಾಚೆಗೆ ಗೋಡೆ. ಮೈದುನನೂ ಒಂದು ಚಮಚ ತಿಂದ. ರೂಢಿಯಂತೆ ಅವಳ ಕಣ್ಣು ಅವನ ಕೈಯ ಕಡೆ ಹೋಯಿತು. ಅವನು ನಿಧಾನವಾಗಿ, ಅವಳಿಗೆ ಚೆನ್ನಾಗಿ ಕಾಣುವಂತೆ, ಚಮಚವನ್ನು ಅಂಗಾತ ಇಟ್ಟ.

"ಹದವಾಗಿದೆ. ಹಾಲು ಚೆನ್ನಾಗಿ ಕುದಿದಿದೆ, ವೆನಿಲ್ಲಾನೂ ಎಲ್ಲೂ ಅತಿಯಾಗಿಲ್ಲ," ಅಂದಳು.

ಒಲೆ ಮೇಸ್ತ್ರಿ ತಲೆ ತಗ್ಗಿಸಿಬಿಟ್ಟ. ಅಷ್ಟರಲ್ಲಿ ಬಡಿಸುವವನೊಬ್ಬ ಧಾವಿಸಿ ಬಂದು ಅವಳ ಮುಂದಿನ ಬಟ್ಟಲಿಗೆ ಕೈಹಾಕಿದ.

"ತಿನ್ನಬೇಡಿ ಮೇಡಂ, ಇದು ತಳ ಸೀದಿದ್ದು. ನಾವು ಆಗಲೇ ತೆಗೆದಿಟ್ಟಿದ್ವಿ. ಈ ಸಾರ್ ಒಳಗೇ ಬಂದು, ಇದೇ ಬೇಕು ಅಂತ ಹಾಕಿಸಿಕೊಂಡ್ರು."

ತಳ ಸೀದ ಹಾಲು! ನೆಗಡಿಯಾದ ಹಸುಗೂಸೂ ಮುಖ ತಿರುಗಿಸುವಂಥ ನಾತ ಅದು. ಅವಳು ಮೈದುನನ ಮುಖ ನೋಡಿದಳು. ಅವನು ನೀರಿನ ಲೋಟ ನೋಡುತ್ತಿದ್ದ. ಮ್ಯಾನೇಜರ್ ಕೆಟ್ಟವರಲ್ಲ, ದನಿ ತಗ್ಗಿಸಿಯೇ ಮಾತಾಡಿದರು. ನಿಮ್ಮ ಮೈದುನ ಮೊದಲೇ ಬಂದು ಹೇಳಿದ್ದರು, ನಾನು ನಂಬಲಿಲ್ಲ, ಕುರ್ಚಿಯ ಆಸೆಗೆ ಹೇಳುತ್ತಿದ್ದಾರೆ ಅಂದುಕೊಂಡೆ, ಬೇಕಾದರೆ ಕಣ್ಣೆದುರೇ ತೋರಿಸುತ್ತೇನೆ ಅಂದಿದ್ದರು ಎಂದರು. ಇನ್ನು ಮೇಲೆ ರುಚಿ ಕೋಣೆ ಅವನದು, ಅವಳಿಗೆ ಪೊಟ್ಟಣದ ಕಡೆ. ಅವಳು ತಲೆಯಾಡಿಸಿದಳು. ಕುರ್ಚಿ ಹೋಯಿತು. ಅದಕ್ಕೆ ಅವಳು ಮನಸ್ಸನ್ನು ಯಾವತ್ತೋ ಅಣಿ ಮಾಡಿಕೊಂಡಿದ್ದಳು. ಆದರೆ ಹೀಗೆ ಹೋಗುತ್ತದೆ ಅಂತಲ್ಲ.

ಅಲ್ಲಾ, ತಾಯಿಯಂತೆ ಸಾಕಿದವಳನ್ನು ನಂಬಿಸಿ ಕತ್ತು ಕುಯ್ಯುವುದಕ್ಕೆ ಇವನಿಗೆ ಇಷ್ಟು ದೊಡ್ಡ ಸಂತೆಯೇ ಬೇಕಿತ್ತೇ? ನಾಲ್ಕು ಗೋಡೆಯ ನಡುವೆ ಒಂದು ಮಾತು ಸಾಕಾಗುತ್ತಿರಲಿಲ್ಲವೇ? ಬಸ್ ನಿಲ್ದಾಣದಲ್ಲಿ ಅವನು ಹಿಂದೆಯೇ ಬಂದು ನಿಂತ.

"ಎಷ್ಟು ದಿನ ಅಂತ ನಿಮಗೂ ಸೇರಿಸಿ ನಾನೇ ಮೂಸಲಿ ಅತ್ತಿಗೆ? ಕೆಲಸ ನಂದು, ಹೆಸರು ನಿಮ್ಮದು," ಅಂದ.

"ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇ ಎದ್ದು ಹೋಗ್ತಿದ್ನಲ್ಲೋ," ಅಂದಳು ಅವಳು. "ಅಂಗಾತ ಯಾಕೆ ಇಟ್ಟೆ?"

ಅವನು ಬಸ್ಸು ಬಂತೇ ಎಂದು ರಸ್ತೆಯ ಕಡೆ ತಿರುಗಿದ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಕೂತು ಒಂದೇ ಮನೆಗೆ ಬಂದರು.

ಸಂಜೆ ಗಂಡ ಕಾಫಿ ಕೇಳಿದ. ಅವಳು ಅಡುಗೆಮನೆಗೆ ಹೋಗಿ ಪಾತ್ರೆಗೆ ಹಾಲು ಸುರಿದು ಲೈಟರ್ ಕೈಗೆತ್ತಿಕೊಂಡಳು. ಜ್ವರ ಬಂದು ಹೋದಾಗಿನಿಂದ ಒಲೆ ಹಚ್ಚುವ ಮೊದಲು ಮೈದುನ ಬಾಗಿಲಲ್ಲಿ ಬಂದು ನಿಂತು ಗ್ಯಾಸ್ ಸೋರುತ್ತಿಲ್ಲವೆಂದು ಹೇಳುವುದು, ಅವಳು ಹಚ್ಚುವುದು, ಹೀಗೆ ನಡೆದುಕೊಂಡು ಬಂದಿತ್ತು. ಇವತ್ತೂ ಏನೂ ಆಗಿಲ್ಲವೆಂಬಂತೆ ಅವನು ಬಂದು ನಿಂತ. ಒಮ್ಮೆ ಉಸಿರೆಳೆದುಕೊಂಡ.

"ಏನೂ ಇಲ್ಲ, ಹಚ್ಚಿ ಅತ್ತಿಗೆ."

ಅವಳ ಬೆರಳು ಲೈಟರಿನ ಮೇಲೆಯೇ ನಿಂತಿತು. ಒತ್ತಲು ಹೋದಳು, ಆಗಲಿಲ್ಲ. ಲೈಟರನ್ನು ಕಟ್ಟೆಯ ಮೇಲಿಟ್ಟು ಕಿಟಕಿ ತೆರೆದಳು, ಆಮೇಲೆ ಗಂಡನನ್ನು ಕೂಗಿ, ಗ್ಯಾಸ್ ವಾಸನೆ ಬರುತ್ತಿದೆಯೇ ಸ್ವಲ್ಪ ನೋಡಿ ಅಂದಳು. ಅವನು ಸೊಂಟ ಹಿಡಿದುಕೊಂಡು ಗೊಣಗುತ್ತಾ ಎದ್ದು ಬಂದ. ಕಾರ್ಖಾನೆಗೆಲ್ಲ ಮೂಗು ನೀನು, ನನ್ನನ್ನು ಕೇಳುತ್ತೀಯಲ್ಲ ಎಂದು ನಕ್ಕ.

"ನಂಗೆ ವಾಸನೆ ಗೊತ್ತಾಗಲ್ಲ," ಅಂದಳು ಅವಳು. "ಜ್ವರ ಬಂದಾಗಿನಿಂದ ಗೊತ್ತಾಗಲ್ಲ. ನಿಮ್ಮ ತಮ್ಮನಿಗೆ ಗೊತ್ತಾಗುತ್ತೆ. ಆದ್ರೆ ಅವನು ಹಚ್ಚು ಅಂದ್ರೆ ನಾನಿನ್ನು ಒಲೆ ಹಚ್ಚಲ್ಲ."