ವಿಯೆಟ್ನಾಂ ಮಾರ್ಗವಾಗಿ ಹೊರಮಾವು

ಈ ವಯಸ್ಸಿನವರೆಗೂ ನಾನು ಹೋಟೆಲಿನಲ್ಲಿ ಒಂದು ಇಡೀ ಕಾಫಿ ಕುಡಿದವಳಲ್ಲ. ಜಿಪುಣಿ ಎಂದುಕೊಳ್ಳಬೇಡಿ. ಹಲಸೂರಿನ ಒಂದೇ ಬೀದಿಗೆ ಸೊಸೆಯರಾಗಿ ಬಂದ ನಾನೂ ಸೆಲ್ವಿಯೂ ದರ್ಶಿನಿಯ ಮುಂದೆ ನಿಂತು ಬೈ ಟೂ ಕುಡಿಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಒಂದು ಕಾಫಿ, ಎರಡು ಲೋಟ. ಇಡೀ ಕಾಫಿಯನ್ನು ಯಾರು ಬೇಕಾದರೂ ಒಬ್ಬರೇ ಕುಡಿದು ಹೋಗಬಹುದು. ಬೈ ಟೂ ಹೇಳಬೇಕಾದರೆ ಎದುರಿಗೊಬ್ಬರು ಇರಲೇಬೇಕು. ಇದು ನನ್ನ ಸಿದ್ಧಾಂತ. ಕನ್ನಡ ಮೇಡಂ ಆಗಿ ನಿವೃತ್ತಳಾದವಳಿಗೆ ಇಷ್ಟಾದರೂ ಹಕ್ಕು ಬೇಡವೇ?

ಇಂಥ ಸೆಲ್ವಿ ಒಂದು ದಿನ, ಹಳೇ ಬಾಡಿಗೆ ಮನೆ ಬಿಟ್ಟು ಹೊರಮಾವಿನ ಫ್ಲ್ಯಾಟಿಗೆ ಹೋಗುತ್ತೇನೆಂದಳು. ನನ್ನ ಎದೆ ಧಸಕ್ಕೆಂದಿತು. ಹೊರಮಾವೇನು ಸಪ್ತಸಾಗರದಾಚೆ ಇದೆಯೇ ಎನ್ನುವಿರಿ. ಸಾಗರ ಇಲ್ಲದಿದ್ದರೇನು, ನಡುವೆ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ ಇದೆಯಲ್ಲ! ಅದರಾಚೆ ಮನೆ ಮಾಡಿದ ನೆಂಟರನ್ನು ನಾನೀಗ ಮದುವೆ ಮುಂಜಿಗಳಲ್ಲಷ್ಟೇ ನೋಡುತ್ತೇನೆ. ನಮ್ಮ ಸ್ನೇಹವೂ ಹಾಗೇ ಆಗಿಬಿಟ್ಟರೆ ಎಂದು ಹೆದರಿಕೆಯಾಯಿತು. ಬಾಯಲ್ಲಿ ಮಾತ್ರ "ಒಳ್ಳೇದಾಯ್ತು ಬಿಡು, ಲಿಫ್ಟ್ ಇರುತ್ತೆ" ಎಂದೆ.

ಬೀಳ್ಕೊಡುಗೆಗೆ ಎಲ್ಲಾದರೂ ದೂರ ಹೋಗಿಬರೋಣ ಎಂದವಳು ಶಿವಾಜಿನಗರದ ನಸ್ರೀನ್. ನನ್ನ ಶಾಲೆಯಲ್ಲೇ ಗಣಿತ ಹೇಳಿಕೊಡುತ್ತಿದ್ದವಳು; ನಮ್ಮಂತೆ ಕಾಫಿಯಲ್ಲ, ಚಹಾ ಪಂಗಡದವಳು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ನಾನು ಕೋಶದಲ್ಲೇ ನಿಂತುಬಿಟ್ಟಿದ್ದೆ. ಅಂತೂ ಮೂವರೂ ವಿಯೆಟ್ನಾಮಿನ ಹೋಯಿ ಆನ್ ಎಂಬ ಊರಿಗೆ ಹೋಗಿ ಇಳಿದೆವು.

ನಿಧಾನದ ಊರು. ಹಳದಿ ಗೋಡೆಗಳು, ಬೀದಿಗಡ್ಡಲಾಗಿ ತೂಗುವ ಬಣ್ಣಬಣ್ಣದ ದೀಪಗಳು, ಎಲ್ಲಿಗೂ ಅವಸರವಿಲ್ಲದ ಹೊಳೆ. ಅಕ್ಕಿಹಿಟ್ಟಿಗೆ ಅರಿಸಿನ ಕಲಸಿ ಹುಯ್ದ ಗರಿಗರಿ ದೋಸೆಯನ್ನು ಹಸಿ ಸೊಪ್ಪಿನ ಜೊತೆ ಸುತ್ತಿಕೊಂಡು ತಿಂದೆವು. "ನಮ್ಮನೆ ದೋಸೆನೇ ಕಣೇ ಇದು, ಇಲ್ಲಿ ಬಂದು ವೇಷ ಹಾಕ್ಕೊಂಡಿದೆ" ಎಂದಳು ಸೆಲ್ವಿ. ಮಧ್ಯಾಹ್ನವೆಲ್ಲ ಹೊಳೆದಂಡೆಯಲ್ಲಿ ಕಾಲು ಚಾಚಿ ಕೂತೆವು. ಅಷ್ಟು ಚೆಂದದ ನೀರು ಎದುರಿಗಿದ್ದರೂ ನಾನು ಆಗಾಗ ಟಿನ್ ಫ್ಯಾಕ್ಟರಿಯನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದೆ.

ಮಾರನೇ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಸೆಲ್ವಿ, "ಇಲ್ಲಾದ್ರೂ ಒಬ್ಬೊಬ್ರು ಒಂದೊಂದು ಫುಲ್ ಕುಡಿಯೋಣ. ಫಾರಿನ್ ಅಲ್ವಾ!" ಎಂದಳು. ಒಬ್ಬಳೇ ಕುಡಿಯುವುದನ್ನು ಈಗಿಂದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಎನಿಸಿ ಸಂಕಟವಾಯಿತು. ಹೂಂ ಎಂದೆ. ಲೋಟದ ತಲೆ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ತಂದಿಟ್ಟರು. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿದು ತಳದ ಗಟ್ಟಿ ಸಿಹಿಹಾಲಿಗೆ ಸೇರಿತು. ಕಲಕಿ ಕುಡಿದರೆ ಅಮೃತ. ಆದರೆ ಅರ್ಧಕ್ಕೆ ಬರುತ್ತಲೇ ನನ್ನ ಕೈ ತಾನಾಗಿ ಲೋಟವನ್ನು ಕೆಳಗಿಟ್ಟಿತು. ನೋಡುತ್ತೇನೆ, ಸೆಲ್ವಿಯ ಲೋಟವೂ ಅರ್ಧಕ್ಕೇ ನಿಂತಿದೆ. ಹುಟ್ಟುಗುಣ ಸುಟ್ಟರೂ ಹೋಗದಂತೆ; ಹಲಸೂರಿನ ಗುಣವೂ ಹಾಗೇ ಇರಬೇಕು.

ಅಂಗಡಿಯಾಕೆ ಓಡಿ ಬಂದಳು. ಕಾಫಿ ಹಿಡಿಸಲಿಲ್ಲವೇನೋ ಎಂದು ಪಾಪ, ಮುಖ ಸಣ್ಣದಾಗಿತ್ತು. ಯಾವ ಭಾಷೆಯಲ್ಲಿ ವಿವರಿಸುವುದು? ಗಣಿತದ ಮೇಡಂ ಮಾತಿಲ್ಲದೆ ನನ್ನ ಅರ್ಧವನ್ನು ಸೆಲ್ವಿಯ ಲೋಟಕ್ಕೆ ಸುರಿದಳು. ಈಗ ಒಂದು ತುಂಬಿದ ಲೋಟ, ಒಂದು ಖಾಲಿ ಲೋಟ. ಸೆಲ್ವಿಯ ಕೈ ಸುಮ್ಮನಿದ್ದೀತೇ? ಪಟಕ್ಕನೆ ಎರಡು ಪಾಲು ಮಾಡಿತು. ಇಬ್ಬರೂ ತಳ ಕಾಣುವ ತನಕ ಕುಡಿದೆವು. ಅಂಗಡಿಯಾಕೆ ಬಿದ್ದು ಬಿದ್ದು ನಕ್ಕಳು.

"ಅರೇ, ನಿಮ್ಮಿಬ್ರನ್ನ ಆ ಹೊರಮಾವು ಏನ್ಮಾಡುತ್ತೆ!" ಎಂದಳು ನಸ್ರೀನ್.

ಸೆಲ್ವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಗೂ ಅದೇ ಭಯ ಇತ್ತು ಕಣೇ. ನೀನು ನೋಡಿದ್ರೆ ಲಿಫ್ಟ್ ಇರುತ್ತೆ ಅಂದ್ಬಿಟ್ಟೆ."

ವಾಪಸು ಬಂದು ಸೆಲ್ವಿ ಮನೆ ಬದಲಾಯಿಸಿದಳು. ಮೊದಲ ಭಾನುವಾರವೇ ನಾನು ಹೊರಟೆ. ಬೈಯಪ್ಪನಹಳ್ಳಿವರೆಗೆ ಮೆಟ್ರೋ, ಆಮೇಲೆ ಆಟೋ. ಟಿನ್ ಫ್ಯಾಕ್ಟರಿಯಲ್ಲಿ ನಿಂತಲ್ಲೇ ನಿಂತಾಗ, ವಿಯೆಟ್ನಾಮೇ ಹತ್ತಿರವಿತ್ತು ಎನಿಸಿದ್ದು ಸುಳ್ಳಲ್ಲ. ಹೊರಮಾವಿನ ದರ್ಶಿನಿಯ ಮುಂದೆ ಸೆಲ್ವಿ ಎರಡು ಲೋಟ ಹಿಡಿದು ಕಾಯುತ್ತಿದ್ದಳು. ನನ್ನ ಕೈಗೆ ಬಂದದ್ದು ಮುಕ್ಕಾಲು ತುಂಬಿತ್ತು.

"ಇದೇನೇ, ಇಲ್ಲಿ ಬೈ ಟೂ ಅಂದ್ರೆ ಹೀಗಾ?"

"ದೂರದಿಂದ ಬಂದೋರಿಗೆ ಜಾಸ್ತಿ. ಮುಂದಿನ್ವಾರ ನಾನು ಹಲಸೂರಿಗೆ ಬರ್ತೀನಲ್ಲ, ಆಗ ನಂಗೆ ಹಾಕು."