ಮದುಮಗನ ಚಪ್ಪಲಿಗೆ ಬಣ್ಣ

ಬಣ್ಣದ ಬಾಟಲಿಯ ಮುಚ್ಚಳ ತೆಗೆಯುವಾಗ ನನಗೆ ಈಗಲೂ ಹೆದರಿಕೆಯಾಗುತ್ತದೆ. ತೊಗಲಿಗೆ ಒಮ್ಮೆ ಇಳಿದ ಬಣ್ಣವನ್ನು ಯಾವ ಸೋಪೂ ವಾಪಸ್ಸು ತರಲಾರದು. ಪರೀಕ್ಷೆಯಲ್ಲಿ ಬರೆದದ್ದನ್ನು ಹೊಡೆದುಹಾಕಬಹುದು, ಆಡಿದ ಮಾತಿಗೆ ಕ್ಷಮೆ ಕೇಳಬಹುದು. ತೊಗಲು ಮಾತ್ರ ಏನನ್ನೂ ಮರೆಯುವುದಿಲ್ಲ. ನನ್ನ ನೆನಪಿಗಿಂತ ಅದೇ ನಂಬಿಕಸ್ಥ.

ಎಂ.ಎ. ಮುಗಿಸಿ ಗುಂಡ್ಲುಪೇಟೆಯ ಮನೆಯಲ್ಲಿ ಕುಳಿತು ಚಪ್ಪಲಿ ಮಾಡಲು ಕಲಿತವಳು ನಾನು. ಬಳಸುವುದು ತೊಗಟೆಯ ರಸದಲ್ಲಿ ಹದ ಮಾಡಿದ ತೊಗಲು. ನಮ್ಮ ರಸ್ತೆಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಲ್ಲುವ ತಂಗಡಿ ಗಿಡದ ತೊಗಟೆಯಿಂದಲೂ ಹಿಂದೆ ಹೀಗೆ ಹದ ಮಾಡುತ್ತಿದ್ದರಂತೆ. ಇಂಥ ತೊಗಲಿಗೆ ವಿಪರೀತ ಬಾಯಾರಿಕೆ. ಬಟ್ಟೆ ಮೊದಲು ತಾಗಿದಲ್ಲೇ ಬಣ್ಣವನ್ನೆಲ್ಲ ಗಟಗಟ ಕುಡಿದುಬಿಡುತ್ತದೆ. ಬೆರಳಿನ ಎಣ್ಣೆ ಅಂಟಿದ ಕಡೆ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಅದರ ದಾಹ ತಣಿಸಬೇಕು. ಬಣ್ಣವನ್ನು ತೆಳ್ಳಗೆ ಮಾಡಿಕೊಂಡು ಸುತ್ತಿಸುತ್ತಿ ಹಚ್ಚಬೇಕು. ಒಣಗಿದ ಮೇಲೆ ಬಟ್ಟೆಗೆ ಬಣ್ಣ ಅಂಟದಾಗುವ ತನಕ ಉಜ್ಜಬೇಕು. ಇದೆಲ್ಲ ನನಗೆ ಬಾಯಿಪಾಠ. ಹೆದರಿದ ಕೈಗೆ ಬಾಯಿಪಾಠ ಎಲ್ಲಿ ಕೇಳಿಸುತ್ತದೆ?

ತಮ್ಮನ ಮದುವೆ ಗೊತ್ತಾಯಿತು. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಅವನು, "ಅಂಗ್ಡಿ ಚಪ್ಲಿ ಯಾರ್ ಬೇಕಾದ್ರೂ ಆಕ್ಕೋತಾರೆ ಬುಡಕ್ಕ. ನೀ ಮಾಡಿದ್ನೇ ಮೆಟ್ಕೊಂಡು ಓಯ್ತೀನಿ" ಎಂದ. ಆ ಪ್ರೀತಿಯೇ ನನ್ನನ್ನು ಹೆದರಿಸಿತು. ಚಪ್ಪಲಿ ಹೊಲಿದು, ಕಂದು ಬಣ್ಣ ಹಚ್ಚಲು ಕೂತೆ. ತೊಗಲನ್ನು ಮೊದಲು ಒದ್ದೆ ಮಾಡಿಕೊಂಡೆನೇ? ಮಾಡಿಕೊಂಡೆ ಎನ್ನುತ್ತದೆ ನೆನಪು. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ನಾನದನ್ನು ನಂಬುವುದಿಲ್ಲ. ಮಚ್ಚೆಗಳಂತೂ ಎದ್ದವು.

ಅವ್ವ ಬಾಗಿಲಲ್ಲಿ ಇಣುಕಿದಳು. "ಇದೇನಮ್ಮಿ, ಚಿರ್ತೆ ಮೈ ಇದ್ದಂಗದಲ್ಲ! ಇದ್ನ ಮೆಟ್ಕೊಂಡೋದ್ರೆ ಬೀಗ್ರೂರ್ ನಾಯ್ಗೊಳೆಲ್ಲ ಬೊಗಳ್ತವೆ."

ಮಚ್ಚೆ ಮುಚ್ಚಲು ಇನ್ನೊಂದು ಪದರ ಹಚ್ಚಿದೆ, ಅದರ ಅಂಚು ಮುಚ್ಚಲು ಮತ್ತೊಂದು. ಕೊನೆಗೆ ಬಣ್ಣವೇನೋ ಒಂದೇ ಸಮನಾಯಿತು. ಎಷ್ಟು ಉಜ್ಜಿದರೂ ಬಟ್ಟೆಗೆ ಅಂಟುವುದು ಮಾತ್ರ ನಿಲ್ಲಲಿಲ್ಲ. ತಮ್ಮನಿಗೆ ತೋರಿಸಿ, ಬೇಡವೋ ಎಂದೆ. "ಕಾಲ್ಗೆ ಅಂಟ್ತದೆ, ಅಷ್ಟೇ ತಾನೇ?" ಎಂದವನು ಮದುವೆಯ ದಿನ ಅದನ್ನೇ ಮೆಟ್ಟಿ ಕಾರು ಹತ್ತಿದ.

ಚಾಮರಾಜನಗರದ ಛತ್ರ ಹತ್ತಿರವಾದಾಗ ನನಗೆ ಹೊಳೆಯಿತು. ಧಾರೆಗೆ ಮುಂಚೆ ಹುಡುಗಿಯ ಅಪ್ಪ ಮದುಮಗನ ಕಾಲು ತೊಳೆಯುತ್ತಾರೆ. ತೊಳೆದ ನೀರನ್ನು ತಮ್ಮ ತಲೆಗೆ ಚಿಮುಕಿಸಿಕೊಳ್ಳುತ್ತಾರೆ! ಆ ಹಿರಿಯರ ತಲೆ ಬಿಳಿ, ಅಂಗಿ ಬಿಳಿ, ಪಂಚೆ ಬಿಳಿ. ಸಂಬಂಧ ಕುದುರಿದಂದಿನಿಂದ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಿಸಿಲಿಗೆ ತಮ್ಮನ ಕಾಲು ಬೆವರುತ್ತಿರುವುದು ಹಿಂದಿನ ಸೀಟಿನಲ್ಲಿ ಕೂತ ನನಗೇ ತಿಳಿಯುತ್ತಿತ್ತು. ಇಳಿದ ಕೂಡಲೇ ಅವನನ್ನು ನಲ್ಲಿಯ ಕಡೆ ಎಳೆದೆ. ಅಷ್ಟರಲ್ಲಿ ವಾಲಗ ಊದಿಸುತ್ತ ಬಂದ ಬೀಗರು ಅವನನ್ನು ಮಂಟಪದ ಕಡೆ ಎಳೆದರು. ಅವರೇ ಗೆದ್ದರು.

ತಮ್ಮ ಚಪ್ಪಲಿ ಬಿಟ್ಟು ತಟ್ಟೆಯಲ್ಲಿ ಕಾಲಿಟ್ಟ. ಚೊಂಬಿನ ನೀರು ಬಿತ್ತು. ತಟ್ಟೆ ತುಂಬ ಹಾಲಿಲ್ಲದ ಟೀ.

"ಅಯ್ಯೋ ಶಿವ್ನೇ! ಗಂಡು ಗುಂಡ್ಲುಪೇಟೆಯಿಂದ ನಡ್ಕೊಂಡೇ ಬಂತಾ?" ಎಂದರು ಪುಣಜನೂರಿನಿಂದ ಬಂದಿದ್ದ ಹುಡುಗಿಯ ಸೋದರತ್ತೆ.

"ನಮ್ಮಕ್ಕ ಮಾಡಿದ್ ಚಪ್ಲಿ ಕಣತ್ತೆ. ಬಣ್ಣ ಬುಟ್ಟದೆ" ಎಂದ ತಮ್ಮ, ಹೆಮ್ಮೆಯಿಂದಲೇ.

ಎಲ್ಲರ ಕಣ್ಣೂ ನನ್ನ ಮೇಲೆ. ಹುಡುಗಿಯ ಅಪ್ಪ ನೀರಿಗೆ ಬೆರಳು ಅದ್ದಿ, ತಡೆದು, ಅದನ್ನೇ ನೋಡಿದರು. ಎದ್ದುಹೋದರೆ? ನನ್ನ ತಮ್ಮನ ಮದುವೆ ನನ್ನಿಂದ ಮುರಿದರೆ? ಅವರು ನೀರನ್ನು ನೆತ್ತಿಗೆ ಚಿಮುಕಿಸಿಕೊಂಡು ನನ್ನತ್ತ ತಿರುಗಿದರು.

"ಬುಡವ್ವ, ತಲ್ಗೆ ಬಣ್ಣ ಆಕ್ಕೊ ಅಂತ ನಮ್ಮೋಳೂ ಯೋಳ್ತಾನೇ ಇದ್ಲು."

ಅವರ ಬಿಳಿ ಅಂಗಿಯ ಹೆಗಲ ಮೇಲೆ ಕಂದು ಹನಿಗಳು ಕೂತವು. ಊಟದ ಪಂಕ್ತಿಯುದ್ದಕ್ಕೂ ಅವನ್ನು ತೋರಿಸುತ್ತ, "ಬೀಗ್ರ ಮನೆ ಬಣ್ಣ" ಎಂದು ಹೇಳಿಕೊಂಡು ಓಡಾಡಿದರು. ಕೇಳಿದವರೆಲ್ಲ ತಿರುಗಿ ನನ್ನನ್ನು ನೋಡಿ ನಗುತ್ತಿದ್ದರು. ಮೊದಮೊದಲು ಎಲೆಯ ಮೇಲೆ ತಲೆ ಬಗ್ಗಿಸಿದೆ. ಪಾಯಸ ಬರುವ ಹೊತ್ತಿಗೆ ನಾನೂ ನಗುತ್ತಿದ್ದೆ. ಹೆದರಿಕೆಯೂ ಬಣ್ಣದ ಹಾಗೆಯೇ ಇರಬೇಕು: ಒಂದೇ ಕಡೆ ಇಂಗಿದರೆ ಮಚ್ಚೆ. ಛತ್ರದ ತುಂಬ ಜನ ಸೇರಿ ಹರಡಿದರೆ, ಕೆನ್ನೆಯ ಮೇಲೆ ಒಂದಿಷ್ಟು ಕೆಂಪು.