‘ಪರವಾಗಿಲ್ಲ’ಕ್ಕೆ ಮೈಸೂರುಪಾಕು

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಬಂದ ಕಾಗದಕ್ಕೆ ಒಂದು ಬಿಸಿ ವಾಸನೆ ಇರುತ್ತದೆ. ಆ ವಾಸನೆ ನನ್ನ ಮೇಜಿಗೆ ಬಂತೆಂದರೆ ಹೊಸಕೋಟೆಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ವರ್ಷದ ಮೌಲ್ಯಮಾಪನ ಶುರುವಾಯಿತೆಂದೇ ಅರ್ಥ. ಲೈನಿನಲ್ಲಿರುವ ಒಬ್ಬೊಬ್ಬರ ಕೆಲಸದ ಬಗ್ಗೆಯೂ ಸೂಪರ್‌ವೈಸರಾದ ನಾನು ಬರೆಯಬೇಕು. ‘ಅಭಿಪ್ರಾಯ’ ಎಂಬ ಖಾಲಿ ಚೌಕ ಕಂಡರೆ ಸಾಕು, ರತ್ನಮ್ಮನ ನೆನಪಾಗಿ ನಗು ಬರುತ್ತದೆ. ಅದು ನಡೆದಾಗ ಮಾತ್ರ ನಗು ಬಂದಿರಲಿಲ್ಲ.

ಸಮೇತನಹಳ್ಳಿಯಿಂದ ಬರುವ ರತ್ನಮ್ಮ ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ. ನಾನು ಸೂಪರ್‌ವೈಸರಾದ ಮೊದಲ ವರ್ಷ ಅವಳ ಚೌಕದಲ್ಲಿ ತುಂಬು ಮನಸ್ಸಿನಿಂದ ಒಂದೇ ಪದ ಬರೆದೆ: ‘ಪರವಾಗಿಲ್ಲ.’

ನಗಬೇಡಿ. ಇದಕ್ಕೆಲ್ಲ ಕಾರಣ ದೊಡ್ಡಬಳ್ಳಾಪುರದ ನನ್ನ ಚಿಕ್ಕಪ್ಪ. ಮದುವೆಗೆ ಮುಂಚೆ ನಾಲ್ಕು ವರ್ಷ ಅವರ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡಿದ್ದೆ. ಮಗ್ಗಗಳ ಗದ್ದಲದಲ್ಲಿ ಉದ್ದ ಮಾತಿಗೆ ಎಡೆಯಿಲ್ಲ. ಊಟಕ್ಕೆ ಕೂತಾಗಲೂ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಆ ಗಂಟಲು ನನಗೆ ಇಂದಿಗೂ ಉಳಿದಿದೆ. ನಾವು ನೇಯ್ದ ಸೀರೆಯನ್ನು ಚಿಕ್ಕಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಎಳೆ ತಪ್ಪಿದ ಕಡೆ ಬೆರಳಿಟ್ಟು, "ಇಲ್ಲಿ ನೋಡು" ಎನ್ನುತ್ತಿದ್ದರು. ತಪ್ಪೇ ಸಿಗದಿದ್ದರೆ, "ಪರ್ವಾಗಿಲ್ಲ." ಅಷ್ಟೇ. ಹಾಗೆನ್ನಿಸಿಕೊಂಡವರು ಶೆಡ್ಡಿಗೆಲ್ಲ ಮೈಸೂರುಪಾಕು ಹಂಚಬೇಕು. ನಾಲ್ಕು ವರ್ಷದಲ್ಲಿ ನಾನು ಹಂಚಿದ್ದು ಒಂದೇ ಸಲ. ಅಂಥ ಪದವನ್ನು ರತ್ನಮ್ಮನಿಗೆ ಕೊಟ್ಟಿದ್ದೆ.

ಅವಳು ಮೂರು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾಲ್ಕನೆಯ ದಿನ ರಾಜೀನಾಮೆ ಪತ್ರ ಹಿಡಿದು ಬಂದಳು.

"ಆರು ವರ್ಷದಿಂದ ನಾನ್ ಹೊಲ್ದಿದ್ದು ಒಂದು ಪೀಸೂ ವಾಪಸ್ ಬಂದಿಲ್ಲ ಅಕ್ಕ. ನನ್ ಕೆಲ್ಸ ಬರೀ ಪರ್ವಾಗಿಲ್ಲ ಅನ್ನೋ ಹಂಗೈತಾ?"

ಚಿಕ್ಕಪ್ಪನ ಕಥೆಯನ್ನು ಮೈಸೂರುಪಾಕಿನ ಸಮೇತ ಹೇಳಿದೆ. ಪೂರ್ತಿ ಕೇಳಿ ಅವಳು ನಕ್ಕುಬಿಟ್ಟಳು.

"ಅದು ನಿಮ್ ಚಿಕ್ಕಪ್ಪನ ಭಾಷೆ, ನಂಗೆ ಹೆಂಗ್ ಗೊತ್ತಾಗ್ಬೇಕು? ಏನ್ ಚೆನ್ನಾಗ್ ಮಾಡ್ತೀನಿ, ಎಲ್ ತಪ್ತೀನಿ, ಅದನ್ನ ಬರೀರಿ."

ನಾಚಿಕೆಯಾಯಿತು. ಚಿಕ್ಕಪ್ಪನಿಂದ ಆ ಪದವನ್ನಷ್ಟೇ ಕಲಿತಿದ್ದೆ, ತಪ್ಪಿದ ಎಳೆಯ ಮೇಲಿಡುತ್ತಿದ್ದ ಬೆರಳನ್ನು ಅಲ್ಲೇ ಬಿಟ್ಟು ಬಂದಿದ್ದೆ. ಹೊಸ ಫಾರಂ ತೆಗೆದುಕೊಂಡು ಬರೆದೆ: ‘ಇವರ ಕಾಲರಿನ ಎರಡು ಮೂಲೆಗಳೂ ಅಳೆದಂತೆ ಸಮ. ಸಂಜೆ ಮಾತ್ರ ದಾರದ ತುದಿ ಕತ್ತರಿಸದೆ ಬಿಡುತ್ತಾರೆ, ಪಕ್ಕದವರು ಕತ್ತರಿಸಬೇಕಾಗುತ್ತದೆ.’

ರತ್ನಮ್ಮ ಎರಡು ಸಲ ಓದಿದಳು. "ಇದು ನಿಜ. ಬಸ್ ತಪ್ಪೋಗುತ್ತೆ ಅಂತ ಅವಸರ ಮಾಡ್ತೀನಿ," ಎಂದಳು. ರಾಜೀನಾಮೆ ಪತ್ರವನ್ನು ನಾಲ್ಕು ಮಡಿಕೆ ಮಡಿಸಿ, ಅಲ್ಲಾಡುತ್ತಿದ್ದ ತನ್ನ ಮೆಷಿನ್ನಿನ ಕಾಲಿನಡಿ ಇಟ್ಟಳು.

ಈ ವರ್ಷ ಹೊಸ ಪದ್ಧತಿ ಬಂದಿದೆ: ಲೈನಿನವರೂ ಸೂಪರ್‌ವೈಸರ್ ಬಗ್ಗೆ ಬರೆಯಬೇಕು. ರತ್ನಮ್ಮ ತನ್ನ ಕಾಗದವನ್ನು ಇವತ್ತು ಬೆಳಿಗ್ಗೆ ನನ್ನ ಕೈಗೇ ಕೊಟ್ಟಳು. ಮೇಲೆ ದೊಡ್ಡ ಅಕ್ಷರದಲ್ಲಿ ‘ಪರವಾಗಿಲ್ಲ.’ ನನ್ನ ಕಣ್ಣು ತುಂಬಿತು. ಅದರ ಕೆಳಗೆ: ‘ತಪ್ಪು ಹೇಳುವಾಗ ಅಕ್ಕ ನಿಂತು ಹೇಳುತ್ತಾರೆ. ಚೆನ್ನಾಗಿದೆ ಅನ್ನುವಾಗ ನಡೆಯುತ್ತಾ ಹೇಳುತ್ತಾರೆ. ಅದನ್ನೂ ನಿಂತು ಹೇಳಬೇಕು.’

ಮಧ್ಯಾಹ್ನ ಮೈಸೂರುಪಾಕಿನ ಡಬ್ಬಿ ಹಿಡಿದು ಅವಳ ಮೆಷಿನ್ನಿನ ಮುಂದೆ ನಿಂತೆ. ಅವಳು ಗಾಬರಿಯಿಂದ ಕಾಲರ್ ತಿರುಗಿಸಿ ನೋಡಿದಳು.

"ಏನಕ್ಕ, ಎಲ್ ತಪ್ಪಾಯ್ತು?"

"ಎಲ್ಲೂ ಇಲ್ಲ ಕಣೇ. ತುಂಬ ಚೆನ್ನಾಗೈತೆ. ಅದನ್ ಹೇಳೋಕೇ ನಿಂತೆ."

ನನ್ನದು ದೊಡ್ಡಬಳ್ಳಾಪುರದ ಗಂಟಲಲ್ಲವೇ, ಇಡೀ ಲೈನಿಗೆ ಕೇಳಿಸಿತು.